ನೆಗೆಣ್ಣಿಯ ಕಿವಿ

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಬೂದು ಬಣ್ಣದ ಡಬ್ಬಿಯೊಂದು ಆಕೆಯ ಕುಪ್ಪಸದೊಳಗೆ ಪಿನ್ನು ಚುಚ್ಚಿಕೊಂಡು ಕೂತಿರುತ್ತಿತ್ತು. ಅದರ ವೈರು ಕೊರಳ ಶಿವದಾರಕ್ಕೆ ಹೆಣೆದುಕೊಂಡು ಎಡಗಿವಿಗೆ ಏರುತ್ತಿತ್ತು. ಡಬ್ಬಿಗೆ ಇದ್ದದ್ದು ಒಂದೇ ಗಾಲಿ. ಸೆರಗಿನೊಳಗೆ ಹೆಬ್ಬೆರಳು ಹಾಕಿ ಮುಂದಕ್ಕೆ ತಿರುವಿದರೆ ಲೋಕವೆಲ್ಲ ಕೇಳಿಸುತ್ತಿತ್ತು. ಮನೆಯಲ್ಲಿ ಜಗಳ ಎದ್ದರೆ ಹಿಂದಕ್ಕೆ ತಿರುವಿ, "ಬಂದ್ ಮಾಡೇನಿ. ಮುಗದ ಮ್ಯಾಲೆ ಕೈಸನ್ನಿ ಮಾಡ್ರಿ," ಅನ್ನುತ್ತಿದ್ದಳು.

ಆಕೆ ನನ್ನ ನೆಗೆಣ್ಣಿ, ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಸಿರಸಂಗಿಯಲ್ಲಿ ಮೂರನೇ ಇಯತ್ತೆ ಮುಗಿಸಿ, ಬೈಲಹೊಂಗಲದ ನಮ್ಮ ಮನೆಗೆ ಬಂದವಳು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ಗೆದ್ದವಳು. ಇಬ್ಬರಿಗೂ ಕಿವಿ ಹೋದದ್ದು ಮಾತ್ರ ಹೆಚ್ಚುಕಡಿಮೆ ಒಂದೇ ಕಾಲಕ್ಕೆ.

ಎದೆಗೆ ಡಬ್ಬಿ ಕಟ್ಟಿಕೊಳ್ಳುವವಳೇ ನಾನು? ಬೆಳಗಾವಿಗೆ ಹೋಗಿ, ಕಿವಿಯೊಳಗೆ ಅಡಗಿ ಕೂಡುವ ಕಡಲೆಕಾಳಿನಷ್ಟು ಮಶೀನು ತಂದೆ. ಅದನ್ನು ನಡೆಸುವುದು ಫೋನಿನ ಆ್ಯಪ್. ತೆರೆದರೆ ಸಂತೆ! ಕೂತ ಜಾಗಕ್ಕೊಂದು ಬಟನ್: ರೆಸ್ಟೋರೆಂಟ್, ಕಾನ್ಸರ್ಟ್, ಕಾರ್, ಔಟ್‌ಡೋರ್. ಒಂದೊಂದರ ಕೆಳಗೆ ಬೆರಳಿನಿಂದ ಜಾರಿಸುವ ಐದೈದು ಗೆರೆ. ಮೂಲೆಯಲ್ಲಿ ಮಿಣುಕುವ ಒಂದು ನಕ್ಷತ್ರ, ಅದು ಏತಕ್ಕೆಂದು ಇವತ್ತಿಗೂ ನನಗೆ ತಿಳಿಯದು. ವಾಲ್ಯೂಮ್ ಹೆಚ್ಚಿಸುವ ಬಟನ್ ಮಾತ್ರ ಮೂರು ಸ್ಕ್ರೀನ್ ದಾಟಿದ ಮೇಲೆ.

ಒಮ್ಮೆ ಅಡುಗೆಮನೆಯಲ್ಲಿ ಇಬ್ಬರೂ ಮೆಂತ್ಯೆ ಪಲ್ಲೆ ಸೋಸುತ್ತ ಕೂತಿದ್ದಾಗ ಆಕೆ ಕೇಳಿದಳು: "ಈಗ ನಾವು ಕುಂತದ್ದು ನಿನ್ನ ಫೋನಿನಾಗ ಯಾವುದರಾಗ ಬರತೈತಿ?"

"ರೆಸ್ಟೋರೆಂಟ್ ಇಟ್ಟೇನ್ರಿ ಅಕ್ಕಾರ."

"ಹಂಗಾರ ಬಿಲ್ಲು ಯಾರ ಕೊಡಾವ್ರು?"

ವರ್ಷ ತುಂಬುತ್ತಲೇ ಆ ರೆಸ್ಟೋರೆಂಟಿಗೂ ಬೀಗ ಬಿತ್ತು. ಪ್ರೀಮಿಯಂಗೆ ಅಪ್‌ಗ್ರೇಡ್ ಮಾಡಿ ಎಂದಿತು, ಮಾಡಿದೆ. ಮರುವರ್ಷ ಹೊಸ ವರ್ಷನ್ನಿಗೆ ನನ್ನ ಫೋನೇ ಹಳೆಯದಾಯಿತು. ಹೊಸ ಫೋನಿಗೆ ಒಂದು ಜೊತೆ ಬಳೆ ಹೋದವು. "ಮೋಟರ್ ಸೈಕಲ್ಲಿಗೆ ಸೈತ ಹದಿನೈದು ವರ್ಷ ಬಿಡತಾರ. ನಿನ್ನ ಕಿವಿಗೆ ವರ್ಷಾ ವರ್ಷಾ ಆರ್‌ಟಿಓ ಪಾಸಿಂಗ್ ಮಾಡಸಬೇಕೇನ ಮೇಡಮ್ಮಾ?" ಎಂದು ಆಕೆ ನಕ್ಕಳು. ಆಕೆಯದು ಒಂದು ಪೆನ್ಸಿಲ್ ಸೆಲ್ಲಿನ ಸಂಸಾರ.

ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚು. ಗುಟ್ಟು ಹೇಳಲು ಮೊಮ್ಮಕ್ಕಳು ಆಕೆಯ ಎದೆಯ ಡಬ್ಬಿಗೇ ಬಾಯಿ ಹಚ್ಚುತ್ತಿದ್ದವು. ಓಣಿಯ ಹೆಂಗಸರು ಆಕೆಯ ಹತ್ತಿರ ಕೂತು ಹರಟಿ, ನನಗೆ ಬರಿ ನಗೆ ತೋರಿಸಿ ಹೋಗುತ್ತಿದ್ದರು. ಕಾಯಿಲೆ ಬಿದ್ದ ಮೇಲೆ ನನ್ನ ಗಂಡ ಕೂಡ, ನನಗೆ ಕೇಳುವಂತೆ ಒದರುವ ಶಕ್ತಿಯಿಲ್ಲದೆ, "ವೈನೀ" ಎಂದು ಅತ್ತಿಗೆಯನ್ನೇ ಕರೆಯುತ್ತಿದ್ದರು.

ಆ ಬೆಳಗ್ಗೆ ಅವರ ಮಂಚದ ಎರಡೂ ಬದಿಗೆ ನಾವಿಬ್ಬರು ಕೂತಿದ್ದೆವು. ತಟ್ಟನೆ ನನ್ನ ಕಿವಿ ಬಂದ್ ಆಯಿತು. ಫೋನ್ ನೋಡಿದರೆ ಅಪ್‌ಡೇಟ್ ನಡೆದಿದೆ, ದಯವಿಟ್ಟು ಕಾಯಿರಿ ಎಂದಿತ್ತು. ಗೆರೆ ಹುಳದಂತೆ ತೆವಳುತ್ತಿತ್ತು. ಕ್ಯಾನ್ಸಲ್ ಎಲ್ಲಿದೆ ಎಂದು ಹುಡುಕುತ್ತ ಕೂತೆ. ತಲೆಯೆತ್ತಿದಾಗ ಆಕೆ ಚಮಚೆಯಿಂದ ಅವರ ಬಾಯಿಗೆ ನೀರು ಬಿಡುತ್ತಿದ್ದಳು. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲೆ ಇಳಿಯಿತು. ಅವರು ಮತ್ತೆ ಕಣ್ಣು ತೆರೆಯಲಿಲ್ಲ.

ನಲವತ್ತೇಳು ವರ್ಷ ಸಂಸಾರ ಮಾಡಿದವಳು ನಾನು. ಕಡೆಯ ಮಾತು, ಕಡೆಯ ಗುಟುಕು ಎರಡೂ ಆಕೆಯ ಪಾಲಿಗೆ ಹೋದವು.

"ಏನಂದ್ರು?" ಎಂದು ಎಷ್ಟು ಸಲ ಕೇಳಿದೆನೋ. "ನೀರ ಬೇಡಿದ, ಕೊಟ್ಟೆ." ಪ್ರತಿ ಸಲ ಅಷ್ಟೇ. ಉಳಿದದ್ದನ್ನು ತನಗೇ ಇಟ್ಟುಕೊಂಡಿದ್ದಾಳೆಂದು ಎರಡು ವರ್ಷ ಕುದಿದೆ. ಆಕೆ ಕರೆದರೂ, ಆ್ಯಪ್ ಕೆಟ್ಟಿದೆ ಎಂಬ ನೆಪ ಮಾಡಿ ಓಗೊಡುತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ ಆಕೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ನನಗೆ ತಡೆಯಲಾಗಲಿಲ್ಲ. "ನನ್ನ ಗಂಡನ ಕಡೀ ಮಾತು ಗಂಟು ಕಟಗೊಂಡು ಹೊಂಟೀರೇನ್ರಿ ಅಕ್ಕಾರ?" ಎಂದುಬಿಟ್ಟೆ.

ಆಕೆ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಅವ ಎರಡ ಸಲ ನೀರ ಬೇಡಿದ, ತಂಗಿ. ಮೊದಲ ನಿನ್ನ ಕಡೆ ಕೈ ಚಾಚಿ ಬೇಡಿದ. ನೀ ಆ ಫೋನ್ ತಿಕ್ಕಾಕತ್ತಿದ್ದಿ. ಆಮ್ಯಾಲೆ ನನ್ನ ಕಡೆ ಹೊಳ್ಳಿದ."

"ಇಷ್ಟ ದಿನಾ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಉಣ್ತಿದ್ದೇನು?"

ಹದಿನೈದು ದಿನಕ್ಕೆ ಆಕೆ ಹೋದಳು. ಎರಡು ವರ್ಷ ನನ್ನ ಕೊಂಕು, ನನ್ನ ಸಿಡುಕು ಎಲ್ಲವನ್ನೂ ನುಂಗಿಕೊಂಡಿದ್ದಳು. ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು, ಮುಚ್ಚಿಸಲಿಲ್ಲ. ಆ ಜಾಗದಲ್ಲಿ ನಾನಿದ್ದಿದ್ದರೆ ಮೂರನೇ ದಿನಕ್ಕೇ ಹೇಳಿಬಿಡುತ್ತಿದ್ದೆ. ಅಷ್ಟು ದೊಡ್ಡ ಮನಸ್ಸು ಆಕೆಗೇ ಯಾಕೆ ಬಂತು ಎಂದು ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.