ಹಸಿರು ಪಟ್ಟಿಯಿಂದ ಜಾರಿದ ಗೆರೆ

ಮಗಳ ಕಾಲೇಜಿಗೆಂದು ಜನನ ಪ್ರಮಾಣಪತ್ರ ಹುಡುಕುತ್ತ ಬೀರುವಿನ ಕೆಳಗಿನ ಖಾನೆ ತೆಗೆದಾಗ, ನುಸಿಗುಳಿಗೆಯ ವಾಸನೆಯ ಜೊತೆ ಅವಳು ಕೂಸಾಗಿದ್ದಾಗ ತಿಂಗಳ ತೂಕ ಗುರುತಿಸುತ್ತಿದ್ದ ಹಳೆಯ ತಾಯಿ ಕಾರ್ಡು ಕೈಗೆ ಬಂತು. ಮಡಿಕೆಗಳಲ್ಲಿ ಹರಿದಿತ್ತು. ಒಳಗೆ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು, ಅವುಗಳ ಮೇಲೆ ಚುಕ್ಕಿಗಳನ್ನು ಸೇರಿಸಿದ ಒಂದು ನೀಲಿ ಗೆರೆ... ಅದನ್ನು ಎಳೆದವರು ನಮ್ಮೂರಿನ ಅಂಗನವಾಡಿ ಅಕ್ಕ.

ನಾನು ಚುಂಚನಕಟ್ಟೆ ಹತ್ತಿರದ ಊರಿಗೆ ಸೊಸೆಯಾಗಿ ಬಂದವಳು. ಅಕ್ಕ ಪ್ರತಿ ತಿಂಗಳು ಅಂಗನವಾಡಿಯ ತೊಲೆಗೆ ತಕ್ಕಡಿ ನೇತುಹಾಕಿ, ಬಟ್ಟೆಯ ಜೋಲಿಯಲ್ಲಿ ನನ್ನ ಮಗುವನ್ನು ಕೂರಿಸಿ ತೂಗುತ್ತಿದ್ದರು. ತೂಕವನ್ನು ಮೊದಲು ರಿಜಿಸ್ಟರಿನ ಕೋಷ್ಟಕದಲ್ಲಿ ಬರೆಯುವರು. ಆಮೇಲೆ ಕಾರ್ಡಿನಲ್ಲಿ ಚುಕ್ಕಿ ಇಟ್ಟು, ಊದುಬತ್ತಿ ಪೆಟ್ಟಿಗೆಯ ಅಂಚು ಹಿಡಿದು ಗೆರೆ ಎಳೆಯುವರು. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟೋ ಗ್ರಾಫು ಬರೆದಿದ್ದ ನಾನು ರಿಜಿಸ್ಟರಿನ ಅಂಕಿಯನ್ನಷ್ಟೇ ನೋಡುತ್ತಿದ್ದೆ. ತಿಂಗಳಿಂದ ತಿಂಗಳಿಗೆ ಒಂಚೂರು ಹೆಚ್ಚಿರುತ್ತಿತ್ತು. ನನಗೆ ಅಷ್ಟು ಸಾಕಿತ್ತು.

ಮಗುವಿಗೆ ಏಳು ತಿಂಗಳಾದಾಗ ಅಕ್ಕ ಮನೆಗೇ ಬಂದು ಜಗಲಿಯಲ್ಲಿದ್ದ ಅತ್ತೆಗೆ ಕಾರ್ಡು ತೋರಿಸಿದರು. ಹಸಿರು ಪಟ್ಟಿಯಲ್ಲಿ ಹೊರಟ ಗೆರೆ ಮೂರು ತಿಂಗಳಿಂದ ಹೆಚ್ಚುಕಡಿಮೆ ಮಲಗಿಬಿಟ್ಟು ಹಳದಿಗೆ ಬಂದಿತ್ತು.

“ತೂಕ ಏರ್ತಾನೇ ಅದಲ್ಲವ್ವ,” ಎಂದರು ಅತ್ತೆ. “ನಮ್ಮನೆ ಮಕ್ಳೆಲ್ಲ ಇಂಗೇ ಸಣ್ಣಕ್ಕೆ ಇರದು. ಮಗೀಗೆ ಕಣ್ಣಾಕ್ಬೇಡ, ಬುಡು.”

“ಅಂಕಿ ಏರ್ತಾ ಅದೆ ಕಣ್ರವ್ವ. ಆದ್ರೆ ಈ ವಯಸ್ಸಿಗೆ ಏರ್ಬೇಕಾದಷ್ಟು ಏರ್ತಿಲ್ಲ. ಗೆರೆ ನೋಡಿ. ಒಂದ್ಸಲ ಡಾಕ್ಟ್ರಿಗೆ ತೋರ್ಸನ.”

ಅತ್ತೆ ಎದ್ದು ಒಳಗೆ ಹೋದರು. ನಾನು ಬಾಗಿಲಲ್ಲೇ ನಿಂತಿದ್ದೆ... ನನಗೆ ಗೆರೆ ಅರ್ಥವಾಗಿತ್ತು. ಹಾಲು ಕುಡಿಯುವಾಗ ಮಗುವಿನ ಹಣೆ ಬೆವರುವುದೂ, ನಡುವೆಯೇ ಸುಸ್ತಾಗಿ ಬಿಟ್ಟುಬಿಡುವುದೂ ಗೊತ್ತಿತ್ತು. ಆದರೂ ಬಾಯಿ ತೆರೆಯಲಿಲ್ಲ. ಮುಂದಿನ ತಿಂಗಳು ತೂಗಿಸಲೂ ಹೋಗಲಿಲ್ಲ.

ಅಕ್ಕನೇ ತಕ್ಕಡಿ ಹೆಗಲಿಗೇರಿಸಿಕೊಂಡು ಬಂದರು. ನಮ್ಮ ತೊಲೆಗೇ ಕಟ್ಟಿ ತೂಗಿದರು. ಹೊಸ ಚುಕ್ಕಿ ಕಿತ್ತಳೆ ಪಟ್ಟಿಯಲ್ಲಿ ಬಿತ್ತು. ಈ ಸಲ ಕಾರ್ಡನ್ನು ಅತ್ತೆಗೆ ತೋರಿಸದೆ ನನ್ನ ಕೈಗಿಟ್ಟರು. “ಓದಿದೀಯ ಕಣವ್ವ ನೀನು. ನೀನೇ ನೋಡಿ ಹೇಳು.”

ಕಾರ್ಡು ಹಿಡಿದುಕೊಂಡೇ ಅತ್ತೆಯ ಕಡೆ ತಿರುಗಿದೆ. “ನಾನು ಆಸ್ಪತ್ರೆಗೆ ಕರ್ಕೊಂಡೋಯ್ತೀನಿ ಅತ್ತೆ,” ಎಂದೆ. ಅವರೆದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು.

ಮರುದಿನ ಕೆ.ಆರ್. ನಗರದ ಬಸ್ಸಿನಲ್ಲಿ ಅಕ್ಕನೂ ಜೊತೆಗೆ ಬಂದರು. ಡಾಕ್ಟರು ಕಾರ್ಡನ್ನು ನೋಡಿ, ಮಗುವಿನ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. ಹೃದಯದಲ್ಲಿ ತೂತಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಪ್ರತಿ ತಿಂಗಳು ಮಗುವನ್ನು ಅಂಗನವಾಡಿಗೆ ಎತ್ತಿಕೊಂಡು ಹೋಗುತ್ತಿದ್ದವರು ಅತ್ತೆಯೇ. “ಗೆರೆ ಎಲ್ಗಂಟ ಬಂತು, ತೋರ್ಸವ್ವ,” ಎಂದು ಕಾರ್ಡಿಗೆ ಮುಖ ತಾಗಿಸಿ ನೋಡುವರು.

ಅಕ್ಕ ನಿವೃತ್ತರಾಗಿ ಪಿರಿಯಾಪಟ್ಟಣದ ಮಗಳ ಮನೆಗೆ ಹೋದರು. “ಒಂದಿನ ಬತ್ತೀನಿ ಅಕ್ಕ,” ಎಂದಿದ್ದೆ. ಭತ್ತದ ಕೆಲಸ, ಮಕ್ಕಳ ಸ್ಕೂಲು, ಅದು, ಇದು... ಹೋಗಲಿಲ್ಲ. ಹೋದ ವರ್ಷ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅವರ ಕಡೆಯವರೊಬ್ಬರು ಹೇಳಿದರು, ಅಕ್ಕ ತೀರಿಕೊಂಡು ಆಗಲೇ ತಿಂಗಳಾಗಿತ್ತು.

ಮಗಳು ಈಗ ನನಗಿಂತ ಎತ್ತರ. ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾಳೆ, ಏದುಸಿರಿಲ್ಲ. ಇದನ್ನು ನಾನು ಹೋಗಿ ಹೇಳಬೇಕಾಗಿದ್ದುದು ಒಬ್ಬರಿಗೇ.