ಭಟ್ಟಿಯೊಳಗೆ ಮಗಳ ಹಾಡು

ಹರಿಹರದಲ್ಲಿ ಮದುವೆಯಾಗಲಿ, ಸತ್ತವರ ಮನೆಯ ಭಜನೆಯಾಗಲಿ, ಓಟಿನ ಭಾಷಣವಾಗಲಿ, ಮೈಕ್ ಸೆಟ್ ನಮ್ಮ ಯಜಮಾನರು ಹಾಲೇಶಪ್ಪನವರದೇ. "ಸೆಟ್ಟು ಗೊರ್ ಅನ್ನಬಾರ್ದು, ಮಾತು ಬಿಡಿಬಿಡಿಯಾಗಿ ಕೇಳಬೇಕು" ಎನ್ನುವುದೊಂದೇ ಅವರ ಧರ್ಮ. ಭಾಷಣದಲ್ಲಿ ಕೇಳುವಂಥದ್ದು ಏನೂ ಇಲ್ಲದಿದ್ದರೂ ಬಿಡಿಬಿಡಿಯಾಗಿ ಕೇಳಬೇಕು.

ವಯರ್ ಸುತ್ತುವುದು, ಕಂಬ ಹತ್ತಿ ಹಾರ್ನ್ ಕಟ್ಟುವುದು, ಸುಟ್ಟ ಆಂಪ್ಲಿಫಯರ್ ಬಿಚ್ಚುವುದು, ಎಲ್ಲಾ ನಮ್ಮ ಮಗಳು ಬಿಂದುವಿನ ಕೆಲಸ. ಆದರೆ ಸೋಮವಾರದಿಂದ ಅಂಗಡಿ ವಹಿಸಿಕೊಳ್ಳುವವನು ನಮ್ಮ ನಾದಿನಿಯ ಮಗ ಹನುಮೇಶ. ಕಾದ ಸೋಲ್ಡರಿಂಗ್ ಕಡ್ಡಿಯನ್ನು ಬಿಸಿ ತುದಿಯಲ್ಲೇ ಹಿಡಿದ ಜಾಣ! ಹಿತ್ತಲ ಗಿಡ ಮದ್ದಲ್ಲವಲ್ಲ. ನಾನು ಕೇಳಿದ್ದಕ್ಕೆ, "ಹೆಣ್ಣುಮಗಳನ್ನ ಅಂಗಡ್ಯಾಗ ಕೂರಿಸಿದ್ರೆ ಜನ ಏನಂತಾರೆ?" ಎಂದರು. ಕಂಬದ ಮೇಲೆ ಕೂರಿಸಿದಾಗ ಜನ ಏನೂ ಅಂದಿರಲಿಲ್ಲ, ಪಾಪ.

ಬಿಂದು ಜಗಳವಾಡಲಿಲ್ಲ, ಅಪ್ಪನ ಮೇಲೊಂದು ಹಾಡು ಬರೆದಳು. ಅವಳದೊಂದು ಪಂಕ್ ಬ್ಯಾಂಡಿದೆ. ಅಂದರೆ ಇವಳು ಗಿಟಾರ್ ಹಿಡಿದು ಕಿರುಚುತ್ತಾಳೆ, ಅಮ್ಜದ್ ಎಂಬ ಹುಡುಗ ಡ್ರಮ್ಮಿನ ಮೇಲೆ ಹಗೆ ತೀರಿಸಿಕೊಳ್ಳುತ್ತಾನೆ. ದಾವಣಗೆರೆಯ ಬಾತಿ ರಸ್ತೆಯಲ್ಲಿ ಮುಚ್ಚಿಹೋಗಿದ್ದ, ಮಂಡಕ್ಕಿ ಹುರಿಯುವ ಭಟ್ಟಿಯೊಂದನ್ನು ಹುಡುಗರೇ ಗುಡಿಸಿ, ದೀಪ ಕಟ್ಟಿ, ಸಂಜೆ ಕಾರ್ಯಕ್ರಮ ಇಟ್ಟಿದ್ದರು. ಕುಡಿಯುವಂತಿಲ್ಲ, ಕೈಗೂಸಿನಿಂದ ಅಜ್ಜಿಯವರೆಗೆ ಯಾರು ಬೇಕಾದರೂ ಬರಬಹುದು. ಸೆಟ್ಟು ಯಾರದು? ಇನ್ಯಾರದು!

"ಅಪ್ಪನ ಮುಂದೇನೇ ಅಪ್ಪನ ಹಾಡಾ? ಬ್ಯಾಡ ಕಣೇ" ಎಂದೆ.

"ಆ ಗದ್ದಲದಾಗ ಯಾರಿಗೂ ಮಾತು ತಿಳಿಯಲ್ಲ ಬಿಡಮ್ಮಾ. ನನ್ ಹೊಟ್ಟೆ ತಣ್ಣಗಾದ್ರೆ ಸಾಕು" ಎಂದಳು.

ಮೊದಲ ಎರಡು ಬ್ಯಾಂಡುಗಳು ಅರಚುವಾಗ ಯಜಮಾನರು ಪಟ್ಟ ಸಂಕಟ ಹೆರಿಗೆಯಲ್ಲಿ ನಾನೂ ಪಟ್ಟಿರಲಿಲ್ಲ. ಗಿಟಾರ್ ಬೇಕೆಂದೇ ಗೊರ್ ಎನ್ನುತ್ತದೆ ಎಂದು ಹುಡುಗರು ಹೇಳಿದರೆ ನಂಬುವ ಆಸಾಮಿಯೇ? ಎದುರಿಗೆ ಅಜ್ಜಿಯರು ಮಿರ್ಚಿ ಮಂಡಕ್ಕಿ ತಿನ್ನುತ್ತ ತಲೆದೂಗುತ್ತಿದ್ದರು. ಇವರು ಮಾತ್ರ ವಯರ್ ಕೀಳುವುದು, ಊದುವುದು, ಮತ್ತೆ ಸಿಕ್ಕಿಸುವುದು.

ಬಿಂದುವಿನ ಸರದಿ ಬಂತು. "ಮಗಳು ಹಾಡೋವಾಗ ಗೊರ್ ಅಂದ್ರೆ ಹರಿಹರದಾಗ ಮುಖ ತೋರಿಸೋದು ಹೆಂಗೆ?" ಎನ್ನುತ್ತ ಅಮ್ಜದನ ಡ್ರಮ್ಮಿಗೆ ಜಮಖಾನ ತುರುಕಿಯೇಬಿಟ್ಟರು. ಮಿಕ್ಸರಿನಲ್ಲಿ ಗಿಟಾರ್ ಪೂರಾ ಇಳಿಸಿ, ಅವಳ ಧ್ವನಿಯೊಂದನ್ನೇ ಏರಿಸಿದರು.

"ಏನ್ರೀ, ಬಿಡ್ರೀ!" ಎಂದು ನಾನು ಕೈ ಹಿಡಿಯುವಷ್ಟರಲ್ಲಿ ಅವಳು ಕಣ್ಣು ಮುಚ್ಚಿ ಶುರುಮಾಡಿದ್ದಳು:

"ಊರಿಗೆಲ್ಲ ಮೈಕ್ ಕಟ್ಟೋ ಅಪ್ಪಾ,
ಕಂಬ ಹತ್ತೋಕ್ ನಾನು ಬೇಕು,
ಶಾಕ್ ಹೊಡೆಸ್ಕೊಳ್ಳಾಕ್ ನಾನು ಬೇಕು,
ಅಂಗಡಿ ಮಾತ್ರ ಹನುಮೇಶಂಗೆ!"

ಒಂದಕ್ಷರವೂ ತಪ್ಪದೆ, ಬಿಡಿಬಿಡಿಯಾಗಿ, ಬೀದಿಯವರೆಗೂ ಕೇಳಿಸಿತು. ತನ್ನ ಧ್ವನಿಯೇ ಕಿವಿಗೆ ಬಿದ್ದು ಬಿಂದು ಕಣ್ಣು ಬಿಟ್ಟಳು. ನಿಲ್ಲಿಸುತ್ತಾಳೆ ಎಂದುಕೊಂಡೆ. ಅಪ್ಪನ ಮುಖ ನೋಡಿಕೊಂಡೇ ಪೂರ್ತಿ ಹಾಡಿದಳು.

ಅಜ್ಜಿಯರು ಚಪ್ಪಾಳೆ ತಟ್ಟಿದರು. ಯಜಮಾನರು ಮಿಕ್ಸರಿನ ಮೈಕ್ ತೆಗೆದುಕೊಂಡು, "ಬಿಂದು, ಮನೆಗೆ ಹೋಗಿ ಮಾತಾಡೋಣ" ಎಂದರು.

"ಮನೇಲಿ ಮೂರ್ ಸಲ ಕೇಳೀನಪ್ಪಾ. ಮೂರ್ ಸಲಾನೂ ನೀನು ನೋಡೋಣ ಅಂದೆ" ಎಂದಳು ಅವಳು, ತನ್ನ ಮೈಕಿನಲ್ಲಿ.

ಇದೂ ಹಾಡಿನದೇ ಭಾಗವೆಂದು ಅಮ್ಜದ್ ಡ್ರಮ್ ಬಾರಿಸಿದ. ಜನ ಕೇಕೆ ಹಾಕಿದರು. ಸಾಲದೆಂಬಂತೆ, ಸೆಟ್ಟು ಹೊರಲು ಬಂದಿದ್ದ ಹನುಮೇಶ ಹಿಂದಿನಿಂದ, "ಮಾವಾ, ಬಿಂದುಗೇ ಕೊಡ್ರಿ. ನನಗೆ ಕರೆಂಟು ಅಂದ್ರೆ ಕೈಕಾಲು ನಡುಗ್ತಾವೆ!" ಎಂದು ಕೂಗಿದ. ಅವನ ಬಾಯಿಂದ ಒಳ್ಳೆಯ ಮಾತು ಬಂದದ್ದು ಅದೊಂದೇ.

ಯಜಮಾನರು ಮೈಕ್ ಆರಿಸಿ, ನನ್ನ ಕಡೆ ಬಾಗಿದರು. ನನಗೊಬ್ಬಳಿಗೇ ಕೇಳುವಂತೆ, "ಸೋಮವಾರದಿಂದ ಅವಳೇ ಕುಂದ್ರಲಿ ಅಂಗಡ್ಯಾಗ" ಎಂದರು.

ನನಗೇನು ಇವರು ಹೊಸಬರೇ? ಬೆಳಗಾದರೆ "ಹಂಗೆಲ್ಲಿ ಅಂದೆ?" ಎನ್ನುವ ಗಿರಾಕಿ.

"ಮೈಕಿನಾಗ ಹೇಳ್ರಿ" ಎಂದೆ.

"ಎಲ್ಲರ ಮುಂದಾ, ಗಿರಿಯಮ್ಮಾ?"

"ಎಲ್ಲರ ಮುಂದೇನೇ."

ಹೇಳಿದರು. ಕೊನೆಯ ಸಾಲಿನ ಅಜ್ಜಿಗೂ ಕೇಳಿಸಿತು. ಬಿಂದು ಗಿಟಾರ್ ಹಿಡಿದುಕೊಂಡೇ ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.