ಹೂ ನೋಡಲು ಹೋದವರ ಗಿಡ ನೋಡುವ ನೀರಕ್ಕ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ನಾಲ್ಕನೇ ಮಹಡಿಯ ಮನೆಯೊಂದರ ಬಚ್ಚಲಲ್ಲಿ ನೀರಕ್ಕ ಕುಕ್ಕರಗಾಲಿನಲ್ಲಿ ಕೂತು ಗುಂಡು ಕಳ್ಳಿಯೊಂದನ್ನು ದಿಟ್ಟಿಸುತ್ತಿದ್ದಾರೆ. ಚೆಂಡಿನ ಗಾತ್ರದ ಮುಳ್ಳಿನ ಗಿಡ, ಅದರ ನೆತ್ತಿಯ ಮೇಲೆ ಹೆಬ್ಬೆರಳುದ್ದದ ಒಂದೇ ಒಂದು ಮೊಗ್ಗು. ತುದಿಯಲ್ಲಿ ಗುಲಾಬಿ ಬಣ್ಣ ಇಣುಕುತ್ತಿದೆ.

“ಮಧ್ಯಾಹ್ನದವರೆಗೆ ತಡ್ಕೋ ತಾಯಿ,” ಎನ್ನುತ್ತಾರೆ. “ನಿಮ್ಮಮ್ಮ ವಿಮಾನದಲ್ಲಿದಾರೆ.”

ಆ ಅಮ್ಮ ಎಂದರೆ ಮನೆಯೊಡತಿ, ನಿವೃತ್ತ ಗಣಿತದ ಮೇಡಂ. ಬಡಾವಣೆಯ ತೋಟಗಾರರ ಸಂಘದವರು ಗುಂಪು ಕಟ್ಟಿಕೊಂಡು ಹನ್ನೊಂದು ದಿನ ವಿದೇಶದ ಹೂವಿನ ಪ್ರದರ್ಶನಗಳನ್ನು ನೋಡಲು ಹೋಗಿದ್ದಾರೆ, ಮೇಡಂ ಕೂಡ ಅವರ ಜೊತೆಗಿದ್ದಾರೆ. ಅವರೆಲ್ಲ ಅಲ್ಲಿ ಹೂ ನೋಡುವಾಗ ಇಲ್ಲಿ ಅವರ ಗಿಡಗಳನ್ನು ನೋಡಿಕೊಳ್ಳುವುದು ನೀರಕ್ಕನ ಕೆಲಸ. ಏಳು ವರ್ಷದಿಂದ ಪ್ರತಿ ಪ್ರವಾಸಕ್ಕೂ ಇವರೇ. ನೀರಕ್ಕ ಹೂಂ ಅನ್ನುವವರೆಗೆ ಸಂಘದಲ್ಲಿ ಯಾರೂ ಟಿಕೆಟ್ ಮಾಡಿಸುವುದಿಲ್ಲ.

ಸೊಂಟದಲ್ಲಿ ಹದಿನಾರು ಮನೆಗಳ ಬೀಗದ ಕೈ. ಇವರ ಯಜಮಾನರು ದರ್ಜಿ. ಅಂಗಡಿಯಲ್ಲಿ ಉಳಿದ ಬಟ್ಟೆಯ ಚೂರುಗಳನ್ನು ಒಂದೊಂದು ಬೀಗದ ಕೈಗೂ ಗುರುತಿಗೆ ಕಟ್ಟಿಕೊಟ್ಟಿದ್ದಾರೆ. ಚುಕ್ಕಿ ಬಟ್ಟೆ ಎಂದರೆ ಡಾಕ್ಟರ ಮನೆ, ಪಟ್ಟೆಪಟ್ಟೆ ಎಂದರೆ ಮೇಡಂ ಮನೆ. ಒಟ್ಟು ನಾನೂರ ಹನ್ನೆರಡು ಕುಂಡ, ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂಬೈನೂರು ಮೆಟ್ಟಿಲು. “ಮಂಡಿ ಗೊಣಗ್ತಾನೇ ಇರುತ್ತೆ. ನಾನು ಕೇಳಿಸ್ಕೊಳ್ಳಲ್ಲ,” ಎಂದು ನಗುತ್ತಾರೆ.

“ಮೊದಲನೇ ದಿನ ಏನ್ಮಾಡ್ತೀನಿ ಗೊತ್ತಾ? ನೀರು ಹಾಕಲ್ಲ. ನೀರು ತೆಗೀತೀನಿ.”

ಹೊರಡುವ ದಿನ ಎಲ್ಲರೂ ಹಾಲು ಕುಡಿಯುವ ಮಕ್ಕಳನ್ನು ಬಿಟ್ಟು ಹೋಗುವವರ ಹಾಗೆ ಕುಂಡಕ್ಕೊಂದು ಚೊಂಬು ನೀರು ಸುರಿದು, ಸಾಲದೆಂದು ಇನ್ನೊಂದು ಸುರಿದು ಟ್ಯಾಕ್ಸಿ ಹತ್ತುತ್ತಾರೆ. ಕುಂಡದಡಿಯ ತಟ್ಟೆಗಳನ್ನು ಬಸಿದು, ಕುಂಡಗಳನ್ನು ಓರೆ ಮಾಡಿ ನಿಲ್ಲಿಸುವಷ್ಟರಲ್ಲಿ ನೀರಕ್ಕನಿಗೆ ಆ ದಿನ ಮುಗಿದೇ ಹೋಗುತ್ತದೆ. ಸಾಲದ್ದಕ್ಕೆ ಗೋಡೆ ತುಂಬ ಚೀಟಿ: ‘ದಿನಕ್ಕೆರಡು ಲೋಟ, ದಯವಿಟ್ಟು ಮರೆಯಬೇಡಿ.’

ಚೀಟಿ ನಂಬಿ ಕೆಟ್ಟಿದ್ದೂ ಇದೆ. ನೀರಕ್ಕ ಹನ್ನೆರಡು ವರ್ಷ ನರ್ಸರಿಯೊಂದರಲ್ಲಿ ಕುಂಡ ಹೊತ್ತವರು. ಅದು ಮುಚ್ಚಿದ ಮೇಲೆ ಈ ಕೆಲಸ ಹಿಡಿದರು. ಮೊದಲ ವರ್ಷ ಡಾಕ್ಟರ ಮನೆಯ ಚೀಟಿಯಂತೆ ಚಾಚೂ ತಪ್ಪದೆ ನೀರು ಹಾಕಿದರು. ಡಾಕ್ಟರ ತಾಯಿ ನೆಟ್ಟಿದ್ದ ಜರಿಗಿಡ ಬೇರುಸಮೇತ ಕೊಳೆತುಹೋಯಿತು. “ಅವರು ಒಂದು ಮಾತೂ ಆಡ್ಲಿಲ್ಲ. ಬೈದಿದ್ರೆ ಮರೆತುಬಿಡ್ತಿದ್ದೆ.” ಮರುವರ್ಷ ಡಾಕ್ಟರು ಏನೂ ಆಗಿಲ್ಲವೆಂಬಂತೆ ಮತ್ತೆ ಬೀಗದ ಕೈ ಕೊಟ್ಟರು. ನೀರಕ್ಕ ಅವತ್ತಿನಿಂದ ಚೀಟಿಯನ್ನು ಬಿಟ್ಟು ಕುಂಡವನ್ನೇ ಕೇಳುತ್ತಾರೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಒಣಗಿದ ಕುಂಡ ಟಣ್ ಎನ್ನುತ್ತದೆ, ಹಸಿಯಿದ್ದರೆ ದಪ್.

ಈ ಸಲದ ಪೇಚು ಮಾತ್ರ ಹೊಸದು. ಮೇಡಂ ಒಂಬತ್ತು ವರ್ಷದಿಂದ ಸಾಕಿದ ಕಳ್ಳಿ, ಹೊರಡಲು ನಾಲ್ಕು ದಿನ ಇದೆ ಎನ್ನುವಾಗ ಮೊದಲ ಮೊಗ್ಗು ಬಿಟ್ಟಿತು. ಬಿಸಿಲಿಗೆ ಅರಳಿ ಅದೇ ಸಂಜೆ ಮುದುಡುವ ಹೂ ಅದು. ಮೇಡಂ ಪ್ರವಾಸವನ್ನೇ ಬಿಡಲು ಹೊರಟಿದ್ದರು. “ಹೋಗಿ ಬನ್ನಿ ಮೇಡಂ, ನೀವು ಬರೋವರೆಗೂ ನಾನು ತಡೀತೀನಿ” ಎಂದು ನೀರಕ್ಕ ಬಾಯಿ ತಪ್ಪಿ ಮಾತು ಕೊಟ್ಟರು. ಆ ಮಾತೇ ಈಗ ಬಚ್ಚಲಲ್ಲಿ ಕೂತಿದೆ. ಬಿಸಿಲು ತಾಗಿದರೆ ಅರಳುತ್ತದೆ, ಕುಂಡ ತಿರುಗಿದರೆ ಮೊಗ್ಗು ಉದುರುತ್ತದೆ. ಮೂರು ದಿನದ ಹಿಂದೆ ಯಜಮಾನರ ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಿಂದ ಕುಂಡದ ಬೆಳಕಿನ ಕಡೆಗೊಂದು ಗೆರೆ ಎಳೆದು, ಆ ಗೆರೆ ಇಲ್ಲೂ ಕಿಟಕಿಯ ಕಡೆಗೇ ಇರುವಂತೆ ತಂದು ಈ ತಂಪಲ್ಲಿ ಇಟ್ಟಿದ್ದಾರೆ.

ಹೋದಾಗಿನಿಂದ ದಿನಾ ಮೇಡಂ ಫೋನು. “ಅರಳ್ತಾ?”

“ಇಲ್ಲ ಮೇಡಂ. ನೀವು ಅಲ್ಲಿಯ ಹೂ ನೋಡಿ.”

“ನೋಡ್ತಾನೇ ಇದೀನಿ. ಎದುರಿಗೆ ಹೂವಲ್ಲೇ ಮಾಡಿರೋ ಆನೆ ನಿಂತಿದೆ. ನಮ್ಮದು ಹೇಗಿದೆ ಹೇಳಿ.”

ಹಿಂದಿನಿಂದ ಡಾಕ್ಟರ ದನಿ: “ಮೇಡಂ, ಆನೆ ಬೇಜಾರು ಮಾಡ್ಕೊಳುತ್ತೆ, ಸ್ವಲ್ಪ ಆ ಕಡೆನೂ ನೋಡಿ.”

ಹನ್ನೆರಡು ಗಂಟೆಗೆ ವ್ಯಾನು ಬಂದು ನಿಲ್ಲುತ್ತದೆ. ಮೇಡಂ ಸೂಟ್‌ಕೇಸನ್ನು ಕೆಳಗೇ ಬಿಟ್ಟು ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತುತ್ತಾರೆ. ನೀರಕ್ಕ ಗೆರೆ ನೋಡಿಕೊಂಡು ಕಳ್ಳಿಯನ್ನು ಬಾಲ್ಕನಿಯ ಬಿಸಿಲಿಗಿಡುತ್ತಾರೆ. ಅರ್ಧ ಗಂಟೆ ಕಳೆದರೂ ಮೊಗ್ಗು ಮಿಸುಕುವುದಿಲ್ಲ. “ತಡೆದಿದ್ದು ಜಾಸ್ತಿ ಆಯ್ತೇನೋ,” ಎನ್ನುವಾಗ ನೀರಕ್ಕನ ಮುಖ ಸಣ್ಣದಾಗುತ್ತದೆ. ಮೇಡಂ ಪಕ್ಕದಲ್ಲೇ ನೆಲಕ್ಕೆ ಕೂರುತ್ತಾರೆ. ಆಮೇಲೆ ಒಂದು ಎಸಳು ಮೆಲ್ಲಗೆ ಹೊರಕ್ಕೆ ಬಾಗುತ್ತದೆ. ಅದರ ಹಿಂದೆ ಇನ್ನೊಂದು.

ಒಂದೂವರೆಗೆ ಹೂ ಸಾಸರಿನಗಲ ಆಗಿದೆ. ಪ್ರವಾಸದ ಬೂಟಿನಲ್ಲೇ ಬಂದವರಿಂದ ಬಾಲ್ಕನಿ ಕಿಕ್ಕಿರಿದಿದೆ. ಡಾಕ್ಟರು ಹೂವಿಗೆ ಮೂಗು ತಾಗುವಷ್ಟು ಬಗ್ಗಿದ್ದಾರೆ. “ಅಲ್ಲಿ ಎಲ್ಲದಕ್ಕೂ ಹಗ್ಗ ಕಟ್ಟಿದ್ರು ನೀರಕ್ಕ. ಇಷ್ಟು ಹತ್ತಿರದಿಂದ ಒಂದೂ ನೋಡ್ಲಿಲ್ಲ.”

ಮುಂದಿನ ಸಲ ಅಲ್ಲಿಂದ ಏನು ತರಬೇಕು ಎಂದು ಯಾರೋ ಕೇಳುತ್ತಾರೆ. ನೀರಕ್ಕ ಯೋಚಿಸುವುದೇ ಇಲ್ಲ. “ಏನೂ ಬೇಡ. ಹೊರಡೋ ದಿನ ಗಿಡಗಳ ಹತ್ರ ಹೋಗ್ಬೇಡಿ, ಅಷ್ಟು ಸಾಕು.”

ಎಲ್ಲರೂ ನಗುತ್ತಿರುವಾಗ ಮೇಡಂ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾರೆ. ಚೊಂಬಿನ ತುಂಬ ನೀರು ಹಿಡಿದುಕೊಂಡು ಬಂದು ನೇರ ಕಳ್ಳಿಯ ಕಡೆಗೆ ಬಗ್ಗುತ್ತಾರೆ. ನೀರಕ್ಕ ಕೈ ಅಡ್ಡ ಹಿಡಿಯುತ್ತಾರೆ.

“ಅದನ್ನ ನೀವು ಕುಡೀರಿ ಮೇಡಂ.”